ಮನೆ ಕಟ್ಟುವವರು ಹೆಸರು ಕಟ್ಟಿಕೊಳ್ಳುವುದು ಹೇಗೆ: ಮಲೆನಾಡಿನ ಕಂಟ್ರಾಕ್ಟರುಗಳಿಗೊಂದು ಸಮಗ್ರ ಮಾರ್ಗದರ್ಶಿ

ಹನ್ನೆರಡು ವರ್ಷದ ಹಿಂದಿನ ಮಾತು. ತೀರ್ಥಹಳ್ಳಿಯಲ್ಲಿ ಒಂದು ಮದುವೆ ಊಟದ ಪಂಕ್ತಿ. ನನ್ನ ಎಡಗಡೆ ಕೂತವರು ಮನೆ ಕಟ್ಟಿಸುವ ಯೋಚನೆಯಲ್ಲಿದ್ದರು. ಅವರ ಆಚೆಗಿದ್ದವರು ಸಲಹೆ ಕೊಡುತ್ತಿದ್ದರು: "ಯಾರಿಗೆ ಬೇಕಾದ್ರೂ ಕೊಡಿ ಮಾರಾಯ್ರೆ, ಆ ಶಿವಮೊಗ್ಗದ ಹುಡುಗನಿಗೆ ಮಾತ್ರ ಬೇಡ. ಮಳೆಗಾಲದಲ್ಲಿ ಫೋನೇ ಎತ್ತಲ್ಲ." ಆ ಹುಡುಗ ನಾನೇ. ಹೋಳಿಗೆ ಬಡಿಸಲು ಬಂದರು, ಬೇಡ ಅಂದೆ.

ನಡೆದದ್ದು ಇಷ್ಟು. ಹೊಸನಗರದ ಕಡೆ ನಾನು ಸ್ವಂತವಾಗಿ ಹಿಡಿದ ಮೊದಲ ಮನೆ. ಮೆಟ್ಟಿಲಿನ ಹೆಡ್‌ರೂಮ್ ಗೋಡೆ ತಾರಸಿಗೆ ಕೂಡುವ ಜಾಗದಲ್ಲಿ ಸಣ್ಣ ಒರತೆ ಶುರುವಾಗಿತ್ತು. ಯಜಮಾನರು ಜುಲೈನಲ್ಲಿ ಮೂರು ಸಲ ಫೋನ್ ಮಾಡಿದರು. ಕೈಯಲ್ಲಿ ದುಡ್ಡಿರಲಿಲ್ಲ, ಬೇರೆ ಸೈಟಿನಲ್ಲಿ ಸಿಕ್ಕಿಬಿದ್ದಿದ್ದೆ, ಏನು ಹೇಳಬೇಕೆಂದೂ ತಿಳಿಯಲಿಲ್ಲ. ಎತ್ತಲಿಲ್ಲ. ರಿಪೇರಿ ಒಂದೇ ದಿನದ ಕೆಲಸ. ಎತ್ತದ ಫೋನಿನಿಂದ ಕೈತಪ್ಪಿದ ಮನೆಗಳು ನನಗೆ ಗೊತ್ತಿರುವಂತೆ ಮೂರು, ಗೊತ್ತಿಲ್ಲದವು ಎಷ್ಟೋ.

ಈಗ ಎಲ್ಲರೂ "ಪರ್ಸನಲ್ ಬ್ರ್ಯಾಂಡ್" ಅನ್ನುತ್ತಾರೆ. ನಮ್ಮ ಕಡೆ ಅದಕ್ಕೆ ಮೊದಲಿನಿಂದಲೂ ಒಂದು ಮಾತಿದೆ: "ಇಂಥವರ ಕೈಲಿ ಕಟ್ಟಿಸಿದ್ದು." ಈ ಮಾತನ್ನು ಜನ ಹೆಮ್ಮೆಯಿಂದ ಹೇಳುವ ಹಾಗೆ ಮಾಡಿಕೊಳ್ಳಲು ನಾನು ಹಿಡಿದ ಹೆಜ್ಜೆಗಳನ್ನು ಇಲ್ಲಿ ಬರೆದಿದ್ದೇನೆ. ಕಂಟ್ರಾಕ್ಟರು, ಮೇಸ್ತ್ರಿ, ಈಗಷ್ಟೇ ಡಿಪ್ಲೊಮಾ ಮುಗಿಸಿ ಸೈಟಿಗಿಳಿದ ಎಂಜಿನಿಯರು, ಪ್ಲಂಬರು ಯಾರಿಗಾದರೂ ಆದೀತು.

ಹೆಜ್ಜೆ 1: ಯಾವ ಕೆಲಸಕ್ಕೆ ನಿಮ್ಮ ನೆನಪಾಗಬೇಕು?

ಭದ್ರಾವತಿ ಅಂದರೆ ಕಬ್ಬಿಣ, ಸಾಗರ ಅಂದರೆ ಗುಡಿಗಾರರ ಶ್ರೀಗಂಧದ ಕೆತ್ತನೆ. ಒಂದು ಊರಿಗೇ ಒಂದು ಗುರುತು ಸಾಕಾಗುವಾಗ ನಮ್ಮ ವಿಸಿಟಿಂಗ್ ಕಾರ್ಡಿನಲ್ಲಿ ಮಾತ್ರ "ಎಲ್ಲಾ ತರಹದ ಸಿವಿಲ್ ಕೆಲಸಗಳನ್ನು ಮಾಡಿಕೊಡಲಾಗುವುದು" ಅಂತ ಇರುತ್ತದೆ. ಅದನ್ನು ಓದಿದವರಿಗೆ ಯಾವ ಕೆಲಸಕ್ಕೂ ನಿಮ್ಮ ನೆನಪಾಗುವುದಿಲ್ಲ.

ಒಂದು ಹಾಳೆ ತೆಗೆದುಕೊಂಡು ಹಿಂದಿನ ಹತ್ತು ಕೆಲಸ ಬರೆಯಿರಿ. ಪ್ರತಿಯೊಂದರ ಮುಂದೆ ಮೂರು ವಿಷಯ: ಯಾರು ಹೇಳಿ ಬಂದದ್ದು, ಕೈಗೆ ಏನು ಉಳಿಯಿತು, ಮಳೆಗಾಲದಲ್ಲಿ ದೂರು ಬಂತೇ. ಇದನ್ನು ಸುಳ್ಳಿಲ್ಲದೆ ಬರೆದರೆ ನಿಮ್ಮ ಕೈ ಎಲ್ಲಿ ಪಳಗಿದೆ ಅನ್ನುವುದು ಅಲ್ಲೇ ಕಾಣುತ್ತದೆ.

ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ ಹೆಸರು ಮಾಡಲು ಜಾಗ ಖಾಲಿ ಇರುವ ಕೆಲವು ಕೆಲಸಗಳಿವೆ. ಒಂದು, ಸೋರದ ಮಾಡು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗಿಂತ ಹೆಚ್ಚು ಮಳೆ, ಅದೇ ಜಿಲ್ಲೆಯ ಶಿಕಾರಿಪುರದ ಕಡೆ ಅದರ ಕಾಲುಭಾಗವೂ ಇಲ್ಲ. ಶಿಕಾರಿಪುರದಲ್ಲಿ ನಡೆದ ಲೆಕ್ಕ ಆಗುಂಬೆಯಲ್ಲಿ ನಡೆಯುವುದಿಲ್ಲ, ಅದನ್ನು ತಿಳಿದು ಮಾತಾಡುವವನಿಗೆ ಬೆಲೆ ಇದೆ. ಎರಡು, ಹಳೇ ಮನೆ ರಿಪೇರಿ. ಜಂಬಿಟ್ಟಿಗೆ ಕಲ್ಲು, ಮಣ್ಣಿನ ಗಾರೆಯ ಗೋಡೆಗೆ ಗಟ್ಟಿ ಸಿಮೆಂಟ್ ಪ್ಲಾಸ್ಟರ್ ಮೆತ್ತಿದರೆ ಒಳಗಿನ ಥಂಡಿ ಹೊರಬರಲು ದಾರಿಯಿಲ್ಲದೆ ಎರಡು ಮಳೆಗಾಲದಲ್ಲಿ ಹೊಪ್ಪಳ ಏಳುತ್ತದೆ. ಅಲ್ಲಿಗೆ ಸುಣ್ಣದ ಗಾರೆಯೇ ಸರಿ. ಇದು ಗೊತ್ತಿರುವವರು ಕಡಿಮೆಯಾಗುತ್ತಿದ್ದಾರೆ, ಹೋಂಸ್ಟೇ ಮಾಡಲು ಹೊರಟವರಿಂದ ಬೇಡಿಕೆ ಹೆಚ್ಚುತ್ತಿದೆ. ಮೂರು, ಧರೆ, ಅಂದರೆ ಗುಡ್ಡದ ಬದಿ, ಕಡಿದು ಮಾಡಿದ ಸೈಟು. ತಡೆಗೋಡೆ ಬೀಳುವುದು ಮಣ್ಣಿನ ಭಾರಕ್ಕಿಂತ ಹೆಚ್ಚಾಗಿ ಬೆನ್ನ ಹಿಂದೆ ನಿಂತ ನೀರಿನಿಂದ. ಹಿಂದೆ ಜಲ್ಲಿ ತುಂಬದೆ, ಗೋಡೆಯಲ್ಲಿ ನೀರು ಹೋಗಲು ಕಿಂಡಿ ಬಿಡದೆ ಕಟ್ಟಿದ ಗೋಡೆಗಳನ್ನು ಪ್ರತಿ ಆಗಸ್ಟಿನಲ್ಲಿ ರಸ್ತೆ ಪಕ್ಕ ನೋಡುತ್ತೇವೆ. ನಾಲ್ಕು, ಅಡಿಕೆಗೆ ಸಂಬಂಧಿಸಿದ್ದು: ಗೋದಾಮು, ಬೇಯಿಸುವ ಒಲೆ, ಒಣಗಿಸುವ ಅಂಗಳ.

ನಾನು ಹಿಡಿದದ್ದು ಸೋರುವ ಮಾಡು. ಹೆಸರು ಕೆಟ್ಟದ್ದೇ ಅಲ್ಲಿ, ಹಾಗಾಗಿ ಅಲ್ಲೇ ಶುರುಮಾಡಿದೆ. ಒಂದು ಕೆಲಸಕ್ಕೆ ಹೆಸರಾದರೆ ಬೇರೆ ಕೆಲಸ ಬರುವುದಿಲ್ಲ ಅನ್ನುವ ಹೆದರಿಕೆ ಬೇಡ. ಸೋರುವುದನ್ನು ನಿಲ್ಲಿಸಿದವನನ್ನೇ ಮುಂದಿನ ವರ್ಷ ಮಗಳ ಮನೆ ಕಟ್ಟಲು ಕರೆಯುತ್ತಾರೆ.

ಹೆಜ್ಜೆ 2: ಮುಚ್ಚಿಹೋಗುವುದನ್ನು ಫೋಟೋ ಹಿಡಿಯಿರಿ

ಎಲ್ಲರೂ ಹಾಕುವುದು ಗೃಹಪ್ರವೇಶದ ಫೋಟೋ: ಮಾವಿನ ತೋರಣ, ಹೊಸ ಬಣ್ಣ, ಯಜಮಾನರ ಪಕ್ಕ ನಾವು. ಅದರಲ್ಲಿ ಕಾಣುವುದು ಪೇಂಟರಿನ ಕೆಲಸ. ನಮ್ಮ ಕೆಲಸ ಕಾಂಕ್ರೀಟಿನ ಒಳಗಿದೆ. ಅದು ಕಾಣುವುದು ತಾರಸಿ ಹಾಕುವ ಹಿಂದಿನ ಸಂಜೆ, ಒಂದೆರಡು ಗಂಟೆ ಮಾತ್ರ.

ಆ ಸಂಜೆ ನಾನು ಮಾಡುವುದನ್ನು ಹಾಗೇ ಹೇಳುತ್ತೇನೆ. ಸೆಂಟ್ರಿಂಗ್ ಮೇಲೆ ಹತ್ತಿ, ಬಿಸಿಲು ಓರೆಯಾಗಿ ಬೀಳುವ ಹೊತ್ತಿಗೆ, ಕಬ್ಬಿಣದ ಮೇಲೆ ಟೇಪು ಬಿಚ್ಚಿ ಇಡುತ್ತೇನೆ. ಸರಳಿನಿಂದ ಸರಳಿಗೆ ಎಷ್ಟು ಅಂತರ ಅನ್ನುವುದು ಟೇಪಿನ ಅಂಕಿಯ ಸಮೇತ ಫೋಟೋದಲ್ಲಿ ಬರಬೇಕು. ಆಮೇಲೆ ಮಂಡಿಯೂರಿ, ಕೆಳಗಿನ ಸರಳಿನ ಅಡಿಯಲ್ಲಿ ಕೂತಿರುವ ಕವರ್ ಬ್ಲಾಕ್, ಅಂದರೆ ಸರಳಿನ ಹೊರಗೆ ಬೇಕಾದಷ್ಟು ಕಾಂಕ್ರೀಟ್ ಉಳಿಯುವಂತೆ ಅದನ್ನು ಎತ್ತಿ ಹಿಡಿಯುವ ತುಂಡು. ತಾರಸಿಗೆ 20 ಮಿ.ಮೀ., ಬೀಮಿಗೆ 25, ಕಂಬಕ್ಕೆ 40, ಪಾಯದ ಫೂಟಿಂಗಿಗೆ 50. ಸೈಟಿನಲ್ಲಿ ಸಾಮಾನ್ಯವಾಗಿ ಹಿಡಿಯುವ ಕನಿಷ್ಠ ಇದು; ಜೋರು ಮಳೆಗೆ ಒಡ್ಡಿಕೊಂಡ ತಾರಸಿ, ಬೀಮುಗಳಿಗೆ ಐಎಸ್ 456 (ಕಾಂಕ್ರೀಟ್ ಕೆಲಸದ ರಾಷ್ಟ್ರೀಯ ಮಾನದಂಡ) ಇದಕ್ಕಿಂತ ಹೆಚ್ಚು ಕೇಳುತ್ತದೆ. ಜಲ್ಲಿ ಚೂರನ್ನು ಒತ್ತುಕೊಟ್ಟು ಎಬ್ಬಿಸಿದ್ದರೆ ಅದೂ ಫೋಟೋದಲ್ಲಿ ಕಾಣುತ್ತದೆ, ಹಾಗಾಗಿ ಈ ಅಭ್ಯಾಸದಿಂದ ಮೊದಲು ಸರಿಯಾಗುವುದು ನಮ್ಮದೇ ಕೆಲಸ. ಮೂರನೆಯದು, ಕರೆಂಟಿನ ಪೈಪು ಮತ್ತು ಫ್ಯಾನ್ ಬಾಕ್ಸ್ ಎಲ್ಲೆಲ್ಲಿ ಹೋಗಿವೆ ಅನ್ನುವುದು, ಮೂಲೆಯಿಂದ ಇಡೀ ಕೋಣೆ ಕಾಣುವ ಹಾಗೆ. ನಾಲ್ಕನೆಯದು ಬೀಮು ಕಂಬಕ್ಕೆ ಕೂಡುವ ಗಂಟು. ಅಲ್ಲಿ ರಿಂಗುಗಳು ಹತ್ತಿರ ಹತ್ತಿರ ಇರಬೇಕು, ಆದರೆ ಕಬ್ಬಿಣ ಕಟ್ಟುವವರಿಗೆ ಕೈ ಹೋಗದ ಜಾಗವಾದ್ದರಿಂದ ಬಿಟ್ಟುಬಿಡುವುದೂ ಅಲ್ಲೇ.

ಫೋಟೋಗಳನ್ನು ಫೋನಿನಲ್ಲಿ ರಾಶಿ ಹಾಕಿಟ್ಟರೆ ಪ್ರಯೋಜನವಿಲ್ಲ. ವರ್ಷ, ಊರು, ಮನೆ, ಹಂತ ಅಂತ ಫೋಲ್ಡರಿಗೆ ಹೆಸರಿಡಿ. ಒಂದು ಪ್ರತಿ ಯಜಮಾನರಿಗೆ ಕೊಡಿ. ಸವಳಂಗ ರಸ್ತೆಯ ಒಂದು ಮನೆಯವರು ಎರಡು ವರ್ಷದ ಮೇಲೆ ಫೋನ್ ಮಾಡಿ, "ಗೋಡೆಗೆ ಡ್ರಿಲ್ ಹೊಡೀಬೇಕು, ಪೈಪ್ ಎಲ್ಲಿ ಹೋಗಿದೆ ಗೊತ್ತುಂಟಾ?" ಅಂದರು. ಹತ್ತು ನಿಮಿಷದಲ್ಲಿ ಆ ಗೋಡೆಯ ಫೋಟೋ ಕಳಿಸಿದೆ. ಅದನ್ನವರು ಭದ್ರಾವತಿಯ ಭಾವನಿಗೆ ತೋರಿಸಿದರು. ಭಾವನ ಮನೆ ಈಗ ಲಿಂಟಲ್ ಹಂತದಲ್ಲಿದೆ.

ಇನ್ನೊಂದು ಸಣ್ಣ ಕೆಲಸ. ಕಾಂಕ್ರೀಟ್ ಹಾಕಿದ ತಾರೀಕನ್ನು ಸೀಮೆಸುಣ್ಣದಲ್ಲಿ ಕಂಬದ ಮೇಲೆ, ತಾರಸಿಯ ಅಂಚಿನ ಮೇಲೆ ಬರೆಯಿರಿ. ನಾವೀಗ ಬಳಸುವುದು ಬಹುಪಾಲು ಪಿಪಿಸಿ (ಹಾರುಬೂದಿಯಂಥದ್ದು ಬೆರೆಸಿದ) ಸಿಮೆಂಟ್. ಅದಕ್ಕೆ ಕನಿಷ್ಠ 10 ದಿನ ನೀರುಣಿಸಬೇಕು, ಏನೂ ಬೆರೆಸದ ಒಪಿಸಿಗಾದರೆ 7 ದಿನ. ತಾರೀಕು ಕಣ್ಣಿಗೆ ಕಾಣುತ್ತಿದ್ದರೆ ಯಜಮಾನರ ಮನೆಯ ಅಜ್ಜಿಯೂ ಲೆಕ್ಕ ಇಡುತ್ತಾರೆ. "ಇನ್ನೂ ಎಂಟೇ ದಿನ ಆಗಿದ್ದು, ನೀರ್ ಹೊಡ್ಸೋದು ನಿಲ್ಲಿಸ್ಬೇಡಿ" ಅಂತ ನನ್ನನ್ನೇ ಗದರಿದವರಿದ್ದಾರೆ.

ಫೋಟೋ ಹೊರಗೆ ಹಾಕುವ ಮೊದಲು ಕೇಳಿ. ಮನೆ ನಂಬರು, ದೇವರಕೋಣೆ, ಬೀರು, ಹೆಂಗಸರು ಮಕ್ಕಳು ಇರುವ ಫೋಟೋ ಬೇಡವೇ ಬೇಡ.

ಹೆಜ್ಜೆ 3: ಎಸ್ಟಿಮೇಟ್ ಕನ್ನಡದಲ್ಲಿ, ಕಾಗದದ ಮೇಲೆ

"ಚದರಕ್ಕೆ (ನೂರು ಚದರಡಿಗೆ) ಎಷ್ಟು?" ಈ ಪ್ರಶ್ನೆಯಷ್ಟು ಹೆಸರುಗಳನ್ನು ಕೆಡಿಸಿದ್ದು ಬೇರೆ ಯಾವುದೂ ಇಲ್ಲ. ಒಬ್ಬರ ಚದರದಲ್ಲಿ ಸಂಪು ಸೇರಿರುತ್ತದೆ, ಇನ್ನೊಬ್ಬರದರಲ್ಲಿ ಇಲ್ಲ. ಸಜ್ಜಾ, ಕಾಂಪೌಂಡು, ಟ್ಯಾಂಕ್ ಸ್ಟ್ಯಾಂಡ್, ಪಿಟ್ ಎಲ್ಲ ಗಾಳಿಯಲ್ಲಿ. ಕಡೆಗೆ ಬಣ್ಣ ಹೊಡೆಯುವ ಹೊತ್ತಿಗೆ ಜಗಳ. ಆ ಜಗಳದಲ್ಲಿ ಯಾರು ಸರಿ ಅನ್ನುವುದು ಮುಖ್ಯವಲ್ಲ, ಊರಿಗೆ ಗೊತ್ತಾಗುವುದು "ಆಮೇಲೆ ಜಾಸ್ತಿ ಕೇಳ್ತಾನೆ" ಅನ್ನುವುದೊಂದೇ.

ದರ ಹೇಳುವ ಮೊದಲು ಸೈಟು ನೋಡಿ, ಕೂತು ಕೇಳಿ. ಹಳ್ಳಿ ಮನೆಯಾದರೆ ನಾನು ತಪ್ಪದೆ ಕೇಳುವ ಮೂರು ಪ್ರಶ್ನೆಗಳಿವೆ: ಬಚ್ಚಲ ಹಂಡೆ ಎಲ್ಲಿ ಬರಬೇಕು, ಸೌದೆ ಎಲ್ಲಿ ಒಟ್ಟುತ್ತೀರಿ, ಅಡಿಕೆ ಎಲ್ಲಿ ಒಣಗಿಸುತ್ತೀರಿ. ನಗರದಲ್ಲಿ ಮಾಡಿಸಿದ ಚಂದದ ಪ್ಲಾನಿನಲ್ಲಿ ಈ ಮೂರಕ್ಕೂ ಜಾಗ ಇರುವುದಿಲ್ಲ. ಹೊಸಮನೆಯಲ್ಲಿ ಹಂಡೆಗೆ ಜಾಗವಿಲ್ಲದೆ, ಹಿಂದುಗಡೆ ತಗಡು ಹೊದೆಸಿ ಬಚ್ಚಲು ಮಾಡಿಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ. ಈ ಪ್ರಶ್ನೆ ಕೇಳಿದ ಕೂಡಲೇ ಒಳಗಿಂದ ಅಮ್ಮ ಬಂದು ಮಾತಿಗೆ ಕೂರುತ್ತಾರೆ. ನಮ್ಮ ಕಡೆ ಕಂಟ್ರಾಕ್ಟು ಯಾರಿಗೆ ಅನ್ನುವುದನ್ನು ತೀರ್ಮಾನಿಸುವವರು ಹೆಚ್ಚಾಗಿ ಅವರೇ.

ಎಸ್ಟಿಮೇಟಿನಲ್ಲಿ ಎರಡು ಪಟ್ಟಿ ಇರಲಿ, "ಸೇರಿದ್ದು" ಮತ್ತು "ಸೇರದ್ದು". ಎರಡನೆಯದೇ ಮುಖ್ಯ. ನನ್ನ ಒಂದು ಹಾಳೆಯಲ್ಲಿ ಹೀಗಿದೆ: "ಬೋರ್‌ವೆಲ್, ಕಾಂಪೌಂಡ್ ಗೋಡೆ, ಧರೆ ಕಡಿಸುವ ಜೆಸಿಬಿ ಬಾಡಿಗೆ, ತಾರಸಿ ಮೇಲಿನ ಶೀಟು, ಅಡುಗೆಮನೆ ಕಪಾಟು ಈ ಮೊತ್ತದಲ್ಲಿ ಸೇರಿಲ್ಲ." ಇದನ್ನು ಜೋರಾಗಿ ಓದಿ ಹೇಳಿ, ಸಹಿ ಹಾಕಿಸಿ. ಕೂಲಿ ಮಾತ್ರವೋ, ಸಾಮಾನು ಸಮೇತವೋ ಅನ್ನುವುದು ಮೊದಲ ಸಾಲಿನಲ್ಲೇ ಇರಲಿ.

ಲೆಕ್ಕ ಗುಟ್ಟಾಗಿ ಇಡಬೇಡಿ. ಕಬ್ಬಿಣದ ತೂಕ ತೆಗೆಯುವ ಸೂತ್ರ ಯಜಮಾನರಿಗೇ ಹೇಳಿಕೊಡುತ್ತೇನೆ: ಸರಳಿನ ದಪ್ಪವನ್ನು ಮಿ.ಮೀ.ನಲ್ಲಿ ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿಗೆ ಎಷ್ಟು ಕೆ.ಜಿ. ಅಂತ ಬರುತ್ತದೆ. 12 ಮಿ.ಮೀ. ಸರಳಾದರೆ 144 ಭಾಗಿಸು 162, ಸುಮಾರು 0.89 ಕೆ.ಜಿ. 12 ಮೀಟರಿನ ಒಂದು ಉದ್ದಕ್ಕೆ ಹತ್ತೂಮುಕ್ಕಾಲು ಕೆ.ಜಿ. ಹತ್ತಿರ. ಲೋಡು ಇಳಿಸುವಾಗ ಅವರೇ ಎಣಿಸಿ ಗುಣಿಸುತ್ತಾರೆ. ಕಂಟ್ರಾಕ್ಟರು ಕಳ್ಳ ಅನ್ನುವ ಅನುಮಾನ ಅರ್ಧ ಅಲ್ಲೇ ಕರಗುತ್ತದೆ.

ಹಣದ ಕಂತುಗಳನ್ನು ಕೆಲಸದ ಹಂತಕ್ಕೆ ಕಟ್ಟಿ: ಪಾಯ, ಪ್ಲಿಂತ್, ಲಿಂಟಲ್, ತಾರಸಿ, ಗಾರೆ, ನೆಲ, ಬಣ್ಣ. ತೋಟದವರಾದರೆ ಅಡಿಕೆ ಕೊಯ್ಲು ಮುಗಿದು, ಮಂಡಿಗೋ, ಅಡಿಕೆ ಮಾರುವ ಸಹಕಾರ ಸಂಘವಾದ ಮ್ಯಾಮ್ಕೋಸಿಗೋ ಹಾಕಿದ ಮೇಲೆಯೇ ಕೈಯಲ್ಲಿ ದುಡ್ಡು. ತಾರಸಿಯಂಥ ದೊಡ್ಡ ಕಂತು ಆ ಹೊತ್ತಿಗೆ ಬೀಳುವಂತೆ ಮೊದಲೇ ಹೊಂದಿಸಿಕೊಂಡರೆ ಕೆಲಸವೂ ನಿಲ್ಲುವುದಿಲ್ಲ, ಕೇಳಿಸಿಕೊಳ್ಳುವ ಮುಜುಗರ ಅವರಿಗೂ ಇರುವುದಿಲ್ಲ.

ಇಲ್ಲಿ ನನ್ನದೊಂದು ಷರತ್ತಿದೆ, ಜೊತೆಯವರು ಕೇಳಿ ನಕ್ಕದ್ದು. ಒಟ್ಟು ಮೊತ್ತದಲ್ಲಿ ನೂರಕ್ಕೆ 3 ರೂಪಾಯಿಯನ್ನು ಯಜಮಾನರ ಹತ್ತಿರವೇ ಬಿಡುತ್ತೇನೆ. "ಮೊದಲ ಮಳೆಗಾಲ ಕಳೆದು, ಸೋರಿಕೆ ಇಲ್ಲದಿದ್ದರೆ ದೀಪಾವಳಿಗೆ ಕೊಡತಕ್ಕದ್ದು" ಅಂತ ಬರೆದಿರುತ್ತದೆ. ಒಬ್ಬರು ಇನ್ನೂ ಕೊಟ್ಟಿಲ್ಲ, ಎರಡು ದೀಪಾವಳಿ ಕಳೆಯಿತು. ಉಳಿದವರೆಲ್ಲ ಕೊಟ್ಟಿದ್ದಾರೆ, ಮತ್ತು ಈ ಷರತ್ತಿನ ಸುದ್ದಿ ನಾನು ಹೋಗದ ಊರುಗಳಿಗೂ ಹೋಗಿದೆ.

ಹೆಜ್ಜೆ 4: ಕಾಗದಪತ್ರ

ಇದನ್ನು ಬೇಗ ಮುಗಿಸೋಣ, ಆದರೆ ಬಿಡುವ ಹಾಗಿಲ್ಲ. ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಸಾಮಾನು ಸಮೇತದ ಗುತ್ತಿಗೆಗೆ ಶೇ. 18, ಒಂಟಿ ವಾಸದ ಮನೆಗೆ ಬರೀ ಕೂಲಿ ಗುತ್ತಿಗೆಯಾದರೆ ವಿನಾಯಿತಿ ಇದೆ. ಸಣ್ಣ ಉದ್ದಿಮೆಗಳಿಗಿರುವ ಉದ್ಯಮ್ ನೋಂದಣಿ ಪೂರ್ತಿ ಉಚಿತ, ಸರ್ಕಾರದ ಜಾಲತಾಣದಲ್ಲಿ ಆಧಾರ್, ಪ್ಯಾನ್ ಇಟ್ಟುಕೊಂಡು ನೀವೇ ಮಾಡಬಹುದು, ದುಡ್ಡು ಕೇಳುವವರ ಹತ್ತಿರ ಹೋಗಬೇಡಿ. ಸರ್ಕಾರಿ ಕೆಲಸದ ಆಸೆ ಇದ್ದರೆ ಲೋಕೋಪಯೋಗಿ ಇಲಾಖೆಯ ಗುತ್ತಿಗೆದಾರರ ಲೈಸೆನ್ಸ್ ಬೇಕು.

2016ರ ರೇರಾ ಕಾಯ್ದೆ ಬಡಾವಣೆ, ಅಪಾರ್ಟ್‌ಮೆಂಟ್ ಮಾಡಿ ಮಾರುವವರಿಗೆ. ಒಬ್ಬರ ಜಾಗದಲ್ಲಿ ಅವರಿಗೇ ಮನೆ ಕಟ್ಟಿಕೊಡುವ ನಮಗೆ ಅದು ನೇರವಾಗಿ ತಟ್ಟುವುದಿಲ್ಲ. ಆದರೆ ಕಟ್ಟಡದ ದೋಷಕ್ಕೆ 5 ವರ್ಷ ಬಿಲ್ಡರೇ ಹೊಣೆ ಅನ್ನುವ ಅದರ ಮಾತನ್ನು ಬೆಂಗಳೂರಿನಲ್ಲಿರುವ ಮಗ ಓದಿಕೊಂಡೇ ಬಂದಿರುತ್ತಾನೆ. ಅವನು ಕೇಳುವ ಮೊದಲೇ ನಿಮ್ಮ ಹೊಣೆ ಎಷ್ಟು ವರ್ಷ, ಯಾವುದಕ್ಕೆ ಅನ್ನುವುದನ್ನು ಎಸ್ಟಿಮೇಟಿನಲ್ಲೇ ಬರೆಯಿರಿ.

ಹೆಜ್ಜೆ 5: ಕೆಲಸದವರ ಬಾಯಲ್ಲಿ ನಿಮ್ಮ ಹೆಸರು

ನಿಮ್ಮ ಬಗ್ಗೆ ಅತಿ ಹೆಚ್ಚು ಮಾತಾಡುವವರು ಯಜಮಾನರಲ್ಲ, ನಿಮ್ಮ ಕೈಕೆಳಗಿನ ಗಾರೆಯವರು, ಸೆಂಟ್ರಿಂಗಿನವರು, ಹೆಲ್ಪರುಗಳು. ವಾರದ ಬಟವಾಡೆ ಸಂತೆಯ ಹಿಂದಿನ ದಿನ ಕೈಗೆ ಬರಬೇಕು, ಸಂತೆ ಕಳೆದ ಮೇಲೆ ಅಲ್ಲ. ಸೈಟಿನ ಪಕ್ಕದ ಮನೆಯವರು "ನಿಮ್ ಸಾಹುಕಾರ್ರು ಹೇಗೆ?" ಅಂತ ಕೇಳುವುದು ಅವರನ್ನೇ. ನನ್ನ ಎರಡು ಮನೆ ಹೀಗೆ ಪಕ್ಕದ ಸೈಟಿನಿಂದಲೇ ಬಂದವು, ಮಾತಾಡಿದ್ದು ಇಟ್ಟಿಗೆ ಹೊರುವ ಹೆಣ್ಣುಮಗಳು.

ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಅವರ ಹೆಸರು ನೋಂದಾಯಿಸಿ. 18ರಿಂದ 60 ವರ್ಷದೊಳಗಿದ್ದು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿರಬೇಕು. ಆ 90 ದಿನಕ್ಕೆ ಕೆಲಸ ಕೊಟ್ಟವರ ದೃಢೀಕರಣ ಬೇಕಾಗುತ್ತದೆ, ಆ ಸಹಿಗೆ ಅವರನ್ನು ನಾಲ್ಕು ಸಲ ಅಲೆಸಬೇಡಿ. ಕೆಲಸ ಮಾಡದವರಿಗೆ ಸಹಿ ಹಾಕಲೂ ಬೇಡಿ, ಊರಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ.

ಹೆಜ್ಜೆ 6: ಫೋನು, ಗೂಗಲ್, ವಾಟ್ಸಾಪ್

ಇಲ್ಲಿಂದಲೇ ಶುರುಮಾಡುವವರು ಜಾಸ್ತಿ. ನಾನು ಬೇಕೆಂದೇ ಆರನೆಯದಾಗಿ ಇಟ್ಟಿದ್ದೇನೆ. ಹೇಳಲು ಏನೂ ಇಲ್ಲದವನಿಗೆ ಮೈಕು ಕೊಟ್ಟರೆ ಏನು ಬಂತು?

ಗೂಗಲ್ ಬಿಸಿನೆಸ್ ಪ್ರೊಫೈಲ್ ಮಾಡಿ, ಅದಕ್ಕೆ ದುಡ್ಡಿಲ್ಲ. ಹೆಸರನ್ನು ಬೋರ್ಡಿನಲ್ಲಿ, ಬಿಲ್ಲಿನಲ್ಲಿ, ಗೂಗಲ್‌ನಲ್ಲಿ ಒಂದೇ ತರ ಬರೆಯಿರಿ. ವಾಟ್ಸಾಪ್ ಬಿಸಿನೆಸ್‌ನಲ್ಲಿ ಐದಾರು ಕೆಲಸದ ಫೋಟೋ ಸಾಕು. ಪ್ರತಿ ಸೈಟಿನಲ್ಲೂ ಹೆಸರು, ಫೋನ್ ನಂಬರಿನ ಬೋರ್ಡು. ನಂಬರು ಬಸ್ಸಿನ ಕಿಟಕಿಯಿಂದ ಓದುವಷ್ಟು ದೊಡ್ಡದಿರಲಿ.

ವಾರಕ್ಕೊಂದು ಸಣ್ಣ ವಿಡಿಯೋ, ಒಂದು ನಿಮಿಷ, ನೀವು ಆಡುವ ಕನ್ನಡದಲ್ಲೇ. ಡ್ರೋನ್, ಹಿನ್ನೆಲೆ ಸಂಗೀತ ಯಾವುದೂ ಬೇಡ. ಜನ ನಿಮ್ಮನ್ನು ಕೇಳಿದ ಪ್ರಶ್ನೆಗೆ ಉತ್ತರ ಕೊಡಿ ಸಾಕು. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಾಗ ಎಲ್ಲರೂ "ಹಂಗಾದ್ರೆ ಮನೆ ರೇಟು ಎಷ್ಟು ಇಳೀತು?" ಅಂತ ಕೇಳಿದರು. ಒಂದು ಮನೆಗೆ ಎಷ್ಟು ಚೀಲ, ಚೀಲಕ್ಕೆ ಎಷ್ಟು ಇಳಿದಿದೆ, ಒಟ್ಟು ಖರ್ಚಿನಲ್ಲಿ ಅದು ಎಷ್ಟು ಅಂತ ಹಾಳೆಯ ಮೇಲೆ ಗುಣಿಸಿ ತೋರಿಸಿದೆ. ನಾನು ಮಾಡಿದ ವಿಡಿಯೋಗಳಲ್ಲಿ ಅತಿ ಹೆಚ್ಚು ಓಡಿದ್ದು ಅದೇ.

ಇನ್ನೊಂದು, ತಾರಸಿ ಮೇಲೆ ಶೀಟು ಹಾಕುವುದರ ಬಗ್ಗೆ. ಬಯಲುಸೀಮೆಯಿಂದ ಬಂದವರು "ಆರ್‌ಸಿಸಿ ಹಾಕಿ ಅದರ ಮೇಲೆ ತಗಡು ಯಾಕೆ ಹೊದಿಸ್ತೀರಿ?" ಅಂತ ನಗುತ್ತಾರೆ. ಐಎಸ್ 456ರಲ್ಲಿ ಜೋರು ಮಳೆಗೆ ಒಡ್ಡಿಕೊಂಡ, ನೆನೆದು ಒಣಗುವ ಕಾಂಕ್ರೀಟನ್ನು ತೀವ್ರ ಪರಿಸ್ಥಿತಿಗೆ ಸೇರಿಸಿದ್ದಾರೆ, ಅದಕ್ಕೆ ಕನಿಷ್ಠ ಎಂ30 ಬೇಕು (ಇದು ಕಾಂಕ್ರೀಟಿನ ಬಲದ ದರ್ಜೆ, ಅಂಕಿ ಹೆಚ್ಚಿದಷ್ಟೂ ಗಟ್ಟಿ). ಜೋರು ಮಳೆಯಿಂದ ಮರೆಯಾಗಿದ್ದರೆ ಎಂ25. ನಮ್ಮ ಕಡೆ ಎಷ್ಟು ಮನೆಗಳಿಗೆ ಎಂ20ರಲ್ಲೇ ತಾರಸಿ ಬೀಳುತ್ತದೆ ಅನ್ನುವುದು ನಿಮಗೆ ಗೊತ್ತು. ಅಂದಮೇಲೆ ಆ ಶೀಟು ಹಾಕಿಸಿದ ನಮ್ಮ ಹಿರಿಯರು ಪುಸ್ತಕ ಓದದೆಯೂ ಸರಿಯಾಗಿಯೇ ಮಾಡಿದ್ದಾರೆ, ಅಡಿಕೆ ಒಣಗಿಸಲು ನೆರಳೂ ಆಯಿತು. ಇಂಥದ್ದನ್ನು ಹೇಳಿ. ಇದು ಹುಬ್ಬಳ್ಳಿಯವರೂ ಬೆಂಗಳೂರಿನವರೂ ಹೇಳಲಾಗದ ಮಾತು.

ಕಾಲಕ್ಕೆ ತಕ್ಕ ವಿಷಯ ಇರಲಿ. ಮೇ ತಿಂಗಳಲ್ಲಿ ಹೆಂಚು ಕೈಯಾಡಿಸುವುದು, ನೀರು ಹೋಗುವ ಪೈಪು ಕ್ಲೀನ್ ಮಾಡುವುದು. ಮಳೆ ಬಿಟ್ಟ ಮೇಲೆ ಪಾಯ ತೆಗೆಯುವುದು. ರಿವ್ಯೂ ದುಡ್ಡು ಕೊಟ್ಟು ಬರೆಸಬೇಡಿ. ಗೃಹಪ್ರವೇಶದ ದಿನ ಕೇಳಬೇಡಿ, ಮೊದಲ ಮಳೆಗಾಲ ಮುಗಿದ ಮೇಲೆ ಕೇಳಿ.

ಹೆಜ್ಜೆ 7: ಹಾರ್ಡ್‌ವೇರ್ ಅಂಗಡಿಯ ಬೆಂಚು

ಮನೆ ಕಟ್ಟಿಸುವವರು ಮೊದಲು ಹೋಗುವುದು ಗೂಗಲ್‌ಗೂ ಅಲ್ಲ, ಸಿಮೆಂಟು ಕಬ್ಬಿಣದ ಅಂಗಡಿಗೆ. "ಯಾರಾದ್ರೂ ಒಳ್ಳೆಯವರಿದ್ರೆ ಹೇಳಿ" ಅನ್ನುತ್ತಾರೆ. ಅಂಗಡಿಯವರು ಹೇಳುವುದು ಸಾಲ ಸರಿಯಾಗಿ ತೀರಿಸಿದವನ ಹೆಸರು. ಉದ್ರಿ ತೀರಿಸಲು ತಡವಾಗುವುದಾದರೆ ಹೇಳಿದ ದಿನಕ್ಕೆ ಮುಂಚೆಯೇ ಹೋಗಿ ಹೇಳಿ. ಪ್ಲಾನ್ ಮಾಡುವ ಎಂಜಿನಿಯರು, ಎಲೆಕ್ಟ್ರಿಷಿಯನ್ನು, ಮರದ ಕೆಲಸದವರು, ಇವರ ಜೊತೆಯೂ ಇದೇ ನಡತೆ. ಕಮಿಷನ್ ಮೇಲೆ ನಿಂತ ಪರಿಚಯ ಹೆಚ್ಚು ಕೊಡುವವರು ಬಂದ ದಿನ ಮುಗಿಯುತ್ತದೆ.

ಹೆಜ್ಜೆ 8: ಆರಿದ್ರಾ ಮಳೆಯಲ್ಲಿ ಹೋಗಿ ಬನ್ನಿ

ಮೇಲಿನದೆಲ್ಲ ಬಿಟ್ಟರೂ ಇದೊಂದನ್ನು ಮಾಡಿ ಅನ್ನುತ್ತೇನೆ. ಹಿಂದಿನ ವರ್ಷ ಕಟ್ಟಿಕೊಟ್ಟ ಪ್ರತಿ ಮನೆಗೂ, ಆರಿದ್ರಾ ಮಳೆ ಹಿಡಿದ ಮೇಲೆ, ಜೂನ್ ಕೊನೆಯಿಂದ ಜುಲೈ ಮಧ್ಯದೊಳಗೆ, ಕರೆಯದೆಯೇ ಹೋಗಿ ಬನ್ನಿ. ಹಿಂದಿನ ದಿನ ಒಂದು ಫೋನ್ ಸಾಕು: "ಅಮ್ಮ, ನಾಳೆ ಆ ಕಡೆ ಬರ್ತಿದೀನಿ, ಮನೆ ಒಂದ್ಸಲ ನೋಡ್ಕೊಂಡು ಹೋಗ್ತೀನಿ."

ಮಳೆ ಸುರಿಯುತ್ತಿರುವಾಗಲೇ ನೋಡಬೇಕು. ಮೊದಲು ತಾರಸಿ. ನೀರು ಎಲ್ಲಾದರೂ ಕೆರೆಯಾಗಿ ನಿಂತಿದೆಯೇ? ನೂರಕ್ಕೆ ಒಂದರಷ್ಟಾದರೂ ಇಳಿಜಾರು ಇರಬೇಕಿತ್ತು, ಇಲ್ಲದಿದ್ದರೆ ಅದು ಈಗ ಹೇಳಿಬಿಡುತ್ತದೆ. ನೀರು ಹೊರಹೋಗುವ ಬಾಯಿಯಲ್ಲಿ ಹಲಸಿನ ಎಲೆ, ಅಡಿಕೆ ಸಿಪ್ಪೆ ಕೂತಿರುತ್ತದೆ, ಕೈಹಾಕಿ ತೆಗೆಯಿರಿ. ಸೋರಿಕೆ ಎಂದು ನನ್ನನ್ನು ಕರೆಸಿದವುಗಳಲ್ಲಿ ಎಷ್ಟೋ ಇಷ್ಟರಲ್ಲೇ ಮುಗಿದಿವೆ. ಆಮೇಲೆ ಪ್ಯಾರಪೆಟ್ ಗೋಡೆ ತಾರಸಿಗೆ ಕೂಡುವ ಸಂದಿ, ಪೈಪು ತಾರಸಿಯಲ್ಲಿ ತೂರುವ ಜಾಗ, ಹೆಡ್‌ರೂಮಿನ ಬುಡ. ಕೆಳಗೆ ಬಂದು ಸಜ್ಜಾದ ಮೇಲ್ಭಾಗ, ಪಶ್ಚಿಮದ ಗೋಡೆಯ ಒಳಮೈ. ಗಾಳಿಮಳೆ ಹೊಡೆಯುವುದು ಆ ಕಡೆಯಿಂದ. ಅಂಗೈ ಹಿಂಭಾಗವನ್ನು ಗೋಡೆಗೆ ಒತ್ತಿ ನೋಡಿ, ಕಣ್ಣಿಗೆ ಕಾಣುವ ಮೊದಲೇ ಥಂಡಿ ಚರ್ಮಕ್ಕೆ ತಿಳಿಯುತ್ತದೆ. ಬೀರುವನ್ನು ಒಂದು ಗೇಣು ಎಳೆದು ಹಿಂದೆ ಬೂಷ್ಟು ಇದೆಯೇ ನೋಡಿ.

ದೋಷ ಕಂಡರೆ ಮುಚ್ಚಬೇಡಿ. "ಇಲ್ಲಿ ಸ್ವಲ್ಪ ಒರತೆ ಇದೆ, ನಮ್ಮದೇ ತಪ್ಪು, ಮಳೆ ಬಿಟ್ಟ ಮೇಲೆ ಸರಿಮಾಡ್ತೀನಿ, ಅಲ್ಲೀವರೆಗೆ ಇಷ್ಟು ಮಾಡ್ಕೊಳ್ಳಿ" ಅಂತ ಹೇಳಿ, ತಾರೀಕು ಹಾಕಿ ನಿಮ್ಮ ಪುಸ್ತಕದಲ್ಲಿ ಅವರೆದುರೇ ಬರೆದುಕೊಳ್ಳಿ. ಸುರಿವ ಮಳೆಯಲ್ಲಿ ಒದ್ದೆ ಕಾಂಕ್ರೀಟಿನ ಮೇಲೆ ಬಳಿದ ಯಾವ ವಾಟರ್‌ಪ್ರೂಫ್ ಕೂಡ ಹಿಡಿಯುವುದಿಲ್ಲ, ಅದನ್ನೂ ಹೇಳಿ. ಅವಸರಕ್ಕೆ ಬಳಿದು ಹೋದರೆ ಆಗಸ್ಟಿನಲ್ಲಿ ಸುಲಿದು ಬರುತ್ತದೆ. ರಿಪೇರಿ ಮುಗಿದ ಮೇಲೆ ನೀರು ಹೊರಹೋಗುವ ಬಾಯಿ ಮುಚ್ಚಿ ಎರಡು ದಿನ ತಾರಸಿಯಲ್ಲಿ ನೀರು ನಿಲ್ಲಿಸಿ, ಕೆಳಗಿನಿಂದ ಅವರಿಗೇ ತೋರಿಸಿ.

ಮದುವೆ ಊಟದ ಮರುವಾರ ನಾನು ಹೊಸನಗರದ ಆ ಮನೆಗೆ ಹೋದೆ. ಗೇಟಿನಲ್ಲೇ ನಿಲ್ಲಿಸಿಕೊಂಡು ಯಜಮಾನರು ಕಾಲು ಗಂಟೆ ಬೈದರು. ಸರಿಯಾಗಿಯೇ ಬೈದರು. ಆಮೇಲೆ ಒಳಗೆ ಕರೆದು ಕಾಫಿ ಕೊಟ್ಟರು. ಹೆಡ್‌ರೂಮ್ ಬುಡದ ಗಾರೆ ಕೆತ್ತಿ, ಸಂದಿಗೆ ಗೋಲಗಾರೆ (ಮೂಲೆಗೆ ದುಂಡಗೆ ಮೆತ್ತುವ ಗಾರೆ) ಕೊಟ್ಟು, ಗೋಡೆಯ ಮೇಲೆ ಒಂದಡಿವರೆಗೆ ವಾಟರ್‌ಪ್ರೂಫ್ ಎತ್ತಿದೆ. ನನ್ನ ಖರ್ಚು ಆಗಿನ ಎರಡು ದಿನದ ಕೂಲಿಯಷ್ಟೂ ಆಗಲಿಲ್ಲ.

ಹೆಜ್ಜೆ 9: ಬೈದವರಿಗೆ, ದರ ಇಳಿಸು ಅನ್ನುವವರಿಗೆ

ಗೂಗಲ್‌ನಲ್ಲಿ ಯಾರಾದರೂ ಒಂದು ಚುಕ್ಕಿ ಕೊಟ್ಟು ಬೈದರೆ ಅಲ್ಲೇ ವಾದ ಹೂಡಬೇಡಿ. "ನೋಡಲು ಶುಕ್ರವಾರ ಬರುತ್ತೇನೆ" ಅಂತ ಒಂದು ಸಾಲು ಬರೆದು, ಶುಕ್ರವಾರ ಹೋಗಿ. ದರ ಇಳಿಸು ಅನ್ನುವವರಿಗೆ ಕೆಲಸದಲ್ಲಿ ಏನು ಇಳಿಸಬಹುದು ಅಂತ ತೋರಿಸಿ: ಟೈಲ್ಸ್, ಬಾಗಿಲು, ಬಣ್ಣ. ಕಬ್ಬಿಣ, ಸಿಮೆಂಟು, ನೀರುಣಿಸುವ ದಿನ, ಇವನ್ನು ಇಳಿಸಲು ಒಪ್ಪಬೇಡಿ. ಅದನ್ನೇ ಕೇಳುವವರಿಗೆ ಕೈಮುಗಿದು ಬಿಡಿ. ಅಂಥ ಒಂದು ಮನೆ ಬಿಟ್ಟಾಗ ನನ್ನ ಮೇಸ್ತ್ರಿ ಒಂದು ವಾರ ಮಾತು ಬಿಟ್ಟಿದ್ದ.

ಈ ವರ್ಷ ನನ್ನ ಮಳೆಗಾಲದ ಪಟ್ಟಿಯಲ್ಲಿ ಒಂಬತ್ತು ಮನೆಗಳಿವೆ. ಆಗುಂಬೆ ದಿಕ್ಕಿನ ಎರಡಕ್ಕೆ ಬೈಕು ಆಗುವುದಿಲ್ಲ, ತೀರ್ಥಹಳ್ಳಿಯಿಂದ ಬಸ್ಸು ಹಿಡಿದು ಅರ್ಧ ಗಂಟೆ ನಡೆಯಬೇಕು. ಚೀಲದಲ್ಲಿ ಟಾರ್ಚು, ಟೇಪು, ರಸಮಟ್ಟ, ಸೀಮೆಸುಣ್ಣ, ಪ್ಲಾಸ್ಟಿಕ್ ಕವರಿನೊಳಗೆ ಪುಸ್ತಕ, ಒಂದು ಹಳೇ ಟವೆಲ್ಲು. ಇಂಬಳಕ್ಕೆ (ಮಳೆಗಾಲದ ಜಿಗಣೆಗೆ) ಸುಣ್ಣದ ಡಬ್ಬಿ ಮರೆಯಬೇಡಿ.